ಮತ್ತಿಯ ಬುಡದ ಕಪ್ಪು ಗಾಯ

ಹೊಸದಾಗಿ ಕಾಡಿನ ಸಮೀಕ್ಷೆಗೆ ಬರುವ ಹುಡುಗರಿಗೆ ನಾನು ಮೊದಲು ಮರದ ಹೆಸರು ಕೇಳುವುದಿಲ್ಲ, ಬುಡ ನೋಡಿ ಅನ್ನುತ್ತೇನೆ. ಇಳಿಜಾರಿನ ಮರವಾದರೆ ಗುಡ್ಡದ ನೆತ್ತಿಯತ್ತ ಮುಖ ಮಾಡಿದ ಮಗ್ಗುಲಲ್ಲಿ ಒಂದು ತ್ರಿಕೋನದ ಕಪ್ಪು ಪೊಟರೆ ಇರುತ್ತದೆ. ಮೇಲಿಂದ ಜಾರಿದ ತರಗೆಲೆ ಅಲ್ಲಿ ತಡೆದು ನಿಲ್ಲುತ್ತದೆ. ಕೆಳಗಿನಿಂದ ಏರಿ ಬರುವ ಬೆಂಕಿಯೂ ಮರದ ಆ ಮರೆಯಲ್ಲೇ ಹೆಚ್ಚು ಹೊತ್ತು ಉರಿಯುತ್ತದೆ. ತೊಗಟೆ ಸತ್ತು ಉದುರಿದ ಮೇಲೆ ಅಂಚಿನಿಂದ ಮರದ ಹೊಸ ಪದರ ಬೆಳೆದು ಗಾಯ ಮುಚ್ಚಲು ನೋಡುತ್ತದೆ. ಮುಚ್ಚುವಷ್ಟರಲ್ಲಿ ಇನ್ನೊಂದು ಬೆಂಕಿ. ತೇಗ ವರ್ಷಕ್ಕೊಂದು ಉಂಗುರ ಕಟ್ಟುವುದರಿಂದ ಅದರ ಗಾಯಕ್ಕೆ ಇಸವಿ ಹಚ್ಚಬಹುದು. ನಮ್ಮ ಬೇರೆ ಬಹುಪಾಲು ಮರಗಳು ಅಷ್ಟು ಅಚ್ಚುಕಟ್ಟಾಗಿ ಲೆಕ್ಕ ಇಡುವುದಿಲ್ಲ.

ಬಂಡೀಪುರ, ಮುದುಮಲೆ, ಬಿಳಿಗಿರಿರಂಗನ ಬೆಟ್ಟದ ಎಲೆಯುದುರುವ ಕಾಡುಗಳಲ್ಲಿ ನಡೆದರೆ ಮತ್ತೆ ಮತ್ತೆ ಸಿಗುವುದು ಮತ್ತಿ, ದಿಂಡಿಗ, ಹೊನ್ನೆ, ತೇಗ. ಮೊಸಳೆಯ ಬೆನ್ನಿನಂಥ ಮತ್ತಿಯ ತೊಗಟೆ ಸುಮ್ಮನೆ ಬಂದದ್ದಲ್ಲ. ತೇಗದ ಸಸಿಯ ಕುಡಿ ಬೇಸಿಗೆಯಲ್ಲಿ ಸುಟ್ಟರೂ ನೆಲದೊಳಗಿನ ಬೇರು ದಪ್ಪವಾಗುತ್ತ ಹೋಗಿ, ಯಾವುದೋ ಒಂದು ವರ್ಷ ಬೆಂಕಿ ತಪ್ಪಿದಾಗ ಒಮ್ಮೆಲೇ ಮೇಲೇಳುತ್ತದೆ. ಸಹಜ ಕಾಡು ಎಂದು ನಾವು ಫೋಟೊ ತೆಗೆದುಕೊಳ್ಳುವುದು ಬೆಂಕಿ ಜರಡಿ ಹಿಡಿದು ಉಳಿಸಿದ್ದನ್ನು.

ಬಿಳಿಗಿರಿಯಲ್ಲಿ ಆ ಜರಡಿ ಅಲ್ಲಿನ ಕಾಡಿನ ಬುಡಕಟ್ಟು ಜನ ಸೋಲಿಗರ ಕೈಯಲ್ಲಿತ್ತು. ಅವರದು ತರಗು ಬೆಂಕಿ. ಇಬ್ಬನಿ ಇನ್ನೂ ಬೀಳುವ ಜನವರಿ, ಫೆಬ್ರವರಿಯಲ್ಲಿ, ಹುಲ್ಲು ಅರೆ ಒಣಗಿರುವಾಗ ಹಚ್ಚುವುದು. ನೆಲದ ತರಗು ಸುಟ್ಟು, ಮೊಣಕಾಲೆತ್ತರಕ್ಕೆ ಏರಿ, ರಾತ್ರಿಯ ತಂಪಿಗೆ ತಾನೇ ಆರುವ ಬೆಂಕಿ. 1972ರ ವನ್ಯಜೀವಿ ಕಾಯ್ದೆ ಬಂದು, 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಅದು ಅಪರಾಧವಾಯಿತು. ಆಮೇಲೆ ಲಂಟಾನದ ಪೊದೆ ಏರಿತು, ನೆಲ್ಲಿಮರಗಳ ಮೇಲೆ ಅವುಗಳ ರಸ ಹೀರುವ ಬಂದಳಿಕೆ ಹೆಚ್ಚಿತು ಎಂದು ಸೋಲಿಗರು ಹೇಳುತ್ತ ಬಂದರು. ಬಂದಳಿಕೆಗೆ ಅವರ ಮಾತಿನಲ್ಲಿ ಉಪ್ಪಿಲು. ತರಗು ಬೆಂಕಿ ಅದನ್ನು ಹದ್ದುಬಸ್ತಿನಲ್ಲಿಡುತ್ತಿತ್ತು ಎಂಬುದು ಅವರ ಲೆಕ್ಕ. ನೆಲ್ಲಿಕಾಯಿ ಕಿತ್ತು ಬದುಕುವವರು ನೆಲ್ಲಿಮರವನ್ನು ನೋಡುವ ಕಣ್ಣು ನಮಗಿಲ್ಲ. ಇದನ್ನು ನಾವು ಸಂಶೋಧಕರು ಬಹುಕಾಲ ಕಥೆ ಎಂದುಕೊಂಡೆವು. ನಾಚಿಕೆಯ ಸಂಗತಿ.

1997ರಲ್ಲಿ ಅಳೆದ ಜಾಗಗಳನ್ನೇ 2008ರಲ್ಲಿ ಮತ್ತೆ ಅಳೆದಾಗ ಅಲ್ಲಿ ಲಂಟಾನ ಹಲವು ಪಟ್ಟು ಹೆಚ್ಚಿತ್ತು. ಬೆಂಕಿ ನಿಂತದ್ದೊಂದೇ ಕಾರಣ ಎಂದು ನಾನು ಹೇಳಲಾರೆ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ತೋಟದ ಅಂದಕ್ಕೆಂದು ಅಮೆರಿಕ ಖಂಡದಿಂದ ತಂದ ಗಿಡ ಅದು. ಬೆಂಕಿಯಿದ್ದ ಕಾಲದಲ್ಲೂ ಕಾಡಂಚಿನಲ್ಲಿ ಇದ್ದೇ ಇತ್ತು, ಹಣ್ಣು ತಿಂದ ಹಕ್ಕಿಗಳು ಬೀಜ ಹರಡುತ್ತಲೇ ಇದ್ದವು. ಆದರೆ ಎಳೆಯ ಗಿಡವನ್ನು ವರ್ಷ ವರ್ಷ ಸುಡುವುದಕ್ಕೂ ಆಳೆತ್ತರ ಮೀರಿದ ಪೊದೆಗೆ ಬೆಂಕಿ ಬೀಳುವುದಕ್ಕೂ ಅಜಗಜಾಂತರ. ಒಣಗಿದ ಲಂಟಾನ ಬೆಂಕಿಗೆ ಏಣಿ. ನೆಲದಲ್ಲಿ ಹರಿಯಬೇಕಾದ್ದು ಅದನ್ನು ಹತ್ತಿ ಮರದ ನೆತ್ತಿ ಮುಟ್ಟುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, ಉಪಗ್ರಹ ಚಿತ್ರಗಳ ಅಂದಾಜಿನಂತೆ, ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಉರಿಯಿತು. ಅದೂ ಫೆಬ್ರವರಿಯೇ. ತಿಂಗಳು ಒಂದೇ ಆದರೂ ಉರಿದ ಸೌದೆ ಬೇರೆ. ಹಾಗಾಗಿ ಸೋಲಿಗರ ಕೈಗೆ ಬೆಂಕಿಪೊಟ್ಟಣ ಮರಳಿಸಿದರೆ ಎಲ್ಲ ಸರಿಹೋಗುತ್ತದೆ ಎನ್ನುವವರೊಡನೆ ನನ್ನ ತಕರಾರಿದೆ. ಮೊದಲು ಲಂಟಾನವನ್ನು ಬೇರುಸಹಿತ ಕೀಳಬೇಕು, ಅದರ ಕೂಲಿ ಕೊಡಬೇಕು, ಕಡ್ಡಿಪುಳ್ಳೆಯ ಮಾತು ಆಮೇಲೆ.

ಬೆಂಕಿ ತಡೆದು ಪೆಟ್ಟು ತಿಂದವರಲ್ಲಿ ನಾವೇ ಮೊದಲಿಗರಲ್ಲ. ಬ್ರಿಟಿಷ್ ಅರಣ್ಯಾಧಿಕಾರಿಗಳು ಬಂಗಾಳ, ಅಸ್ಸಾಮಿನ ಸಾಲ್ ಕಾಡುಗಳಿಗೆ ದಶಕಗಟ್ಟಲೆ ಬೆಂಕಿ ತಾಕದಂತೆ ಕಾದರು. ಹಸಿರು ಪೊದೆ ದಟ್ಟವಾಗಿ, ಸಾಲ್ ಸಸಿಗಳೇ ಏಳದಾದವು. ಕೊನೆಗೆ ತಾವೇ ಬೆಂಕಿ ಹಚ್ಚಲು ಶುರುಮಾಡಿದರು. ಬರ್ಮಾದ ತೇಗದಲ್ಲೂ ಇದೇ ಜಗಳ ನಡೆದಿತ್ತು.

ಇದನ್ನೆಲ್ಲ ಓದಿ ಕುದುರೆಮುಖದ ಶೋಲಾ ಪಕ್ಕ, ಅಂದರೆ ಬೆಟ್ಟದ ಹುಲ್ಲುಗಾವಲ ನಡುವಿನ ಕಣಿವೆಗಳ ನಿತ್ಯಹಸಿರು ಕಾಡಿನ ಪಕ್ಕ, ಯಾರೂ ಕಡ್ಡಿ ಗೀರಬೇಡಿ. ಅಲ್ಲಿನ ಮರಗಳ ತೊಗಟೆ ತೆಳು, ಅವು ಬೆಂಕಿ ಕಂಡು ಬೆಳೆದವಲ್ಲ. ಹುಲ್ಲಿನಲ್ಲಿ ಹರಿದು ಬಂದ ಬೆಂಕಿ ಕಾಡಿನಂಚಿಗೆ ಹೊಕ್ಕರೆ ಶೋಲಾ ಅಷ್ಟು ಹಿಂದೆ ಸರಿಯುತ್ತದೆ. ಸುತ್ತಲಿನ ಹುಲ್ಲುಗಾವಲಾದರೋ ಕಡಿದ ಕಾಡಿನ ಶೇಷವಲ್ಲ. ನೀಲಗಿರಿಯ ಜೌಗು ಮಣ್ಣಿನ ಪದರಗಳಲ್ಲಿರುವ ಇಂಗಾಲ ಸುಮಾರು 20,000 ವರ್ಷಗಳ ಹಿಂದೆ, ಕೊನೆಯ ಹಿಮಯುಗದ ಒಣ ಕಾಲದಲ್ಲೇ, ಅಲ್ಲಿ ಹುಲ್ಲು ಹರಡಿತ್ತೆಂದು ತೋರಿಸಿದೆ.

ನಮ್ಮ ಸಮೀಕ್ಷೆಯ ನಮೂನೆಯಲ್ಲಿ ‘ಬೆಂಕಿ: ಹೌದು / ಇಲ್ಲ’ ಎಂಬ ಒಂದೇ ಅಂಕಣವಿತ್ತು. ಈಗ ಅದರ ಪಕ್ಕ ಪೆನ್ಸಿಲ್ಲಿನಲ್ಲಿ ಇನ್ನೆರಡು ಗೆರೆ ಎಳೆದುಕೊಂಡಿದ್ದೇನೆ: ಯಾವ ತಿಂಗಳು, ತೊಗಟೆಯ ಮೇಲಿನ ಮಸಿ ಎಷ್ಟು ಎತ್ತರ. ಹಳೆಯ ಮತ್ತಿಗಳ ಬುಡದಲ್ಲಿ ಅದು ಮೊಣಕಾಲಿಗೆ ಬರುತ್ತದೆ. ಲಂಟಾನ ಉರಿದ ಕಡೆ ಕೈ ಎತ್ತಿದರೂ ಟೇಪು ಮುಟ್ಟುವುದಿಲ್ಲ.