ಕಳ್ಳಿಯನ್ನು ಕಚ್ಚಿದವರು ಯಾರು?

ಒಂದು ಏಪ್ರಿಲ್ ತಿಂಗಳ ಬೆಳಗ್ಗೆ ರೊಳ್ಳದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಫೋನ್ ಮಾಡಿದರು. ಗುಡ್ಡದ ಬುಡದ ಇಪ್ಪತ್ತು ಸೆಂಟು ಜಾಗದಲ್ಲಿ ಅವರು ಕತ್ತಾಳೆ, ಲೋಳೆಸರ, ಬಗೆಬಗೆಯ ಕಳ್ಳಿಗಳ ತೋಟ ಮಾಡಿದ್ದಾರೆ. ಗಿಡಗಳು ಹೋದದ್ದು ನನ್ನ ನರ್ಸರಿಯಿಂದಲೇ. "ಆರು ಕತ್ತಾಳೆ ನೆಲಕ್ಕೆ ಒರಗಿವೆ. ಇಂಥ ಮುಳ್ಳಿಗೆ ಬಾಯಿ ಹಾಕುವ ಪ್ರಾಣಿಯೂ ಇದೆಯೇ, ಬಂದು ನೋಡಿ" ಎಂದರು.

ಹೋಗಿ ನೋಡಿದೆ. ಎಲೆಗಳಿಗೆ ಒಂದು ಗೀರೂ ಇಲ್ಲ. ಆದರೆ ಪ್ರತಿ ಗಿಡದ ಬುಡದಲ್ಲಿ ಒಂದೇ ಪಕ್ಕದಿಂದ ಮಣ್ಣು ಬಗೆದು, ಎಲೆಗಳೆಲ್ಲ ಸೇರುವ ಬಿಳಿಯ ತಿರುಳನ್ನು ಮಾತ್ರ ತಿಂದು ಮುಗಿಸಲಾಗಿತ್ತು. ಉಳಿದ ತಿರುಳಿನ ಅಂಚಿನಲ್ಲಿ ಉಳಿಯಿಂದ ಕೆತ್ತಿದಂತೆ ಜೋಡಿ ಗೆರೆಗಳು. ಕೆದಕಿದ ಮಣ್ಣಿನಲ್ಲಿ ಕಪ್ಪುಬಿಳುಪಿನ ಮುಳ್ಳೊಂದು ಸಿಕ್ಕಿತು. ಅದು ಮುಳ್ಳುಹಂದಿಯ ಕೆಲಸ. ಹೆಸರಿಗೆ ಹಂದಿಯಾದರೂ ಅದು ಇಲಿ ಅಳಿಲುಗಳ ಬಳಗದ ದಂಶಕ. ರಾತ್ರಿ ಸಂಚಾರಿ, ಗೆಡ್ಡೆ ಬೇರುಗಳನ್ನು ಅಗೆಯುವುದರಲ್ಲಿ ಪಳಗಿದ ಕೈ. ಮುಳ್ಳಿರುವುದು ಎಲೆಯ ತುದಿಯಲ್ಲಿ, ಅದು ಬಂದದ್ದು ಬುಡದಿಂದ.

ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಯ ಈ ಸೀಮೆ 2022ರಲ್ಲಿ ಆಂಧ್ರಪ್ರದೇಶದ ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅದಕ್ಕೂ ಮೊದಲು ಇದು ಅನಂತಪುರ ಜಿಲ್ಲೆ. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಕಾಣುವ ನಾಡು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೀಳುತ್ತದೆ. ಯುಗಾದಿ ಕಳೆಯುವ ಹೊತ್ತಿಗೆ ಗುಡ್ಡದ ದೊಣೆಗಳು ಬತ್ತಿರುತ್ತವೆ, ಹುಲ್ಲು ಬೂದಿಯ ಬಣ್ಣಕ್ಕೆ ತಿರುಗಿರುತ್ತದೆ. ಆಗ ಆ ಬಯಲಿನಲ್ಲಿ ನೀರು ಉಳಿದಿರುವುದು ಕಳ್ಳಿಯ ಹೊಟ್ಟೆಯಲ್ಲಿ ಮಾತ್ರ. ಪಾಪಾಸುಕಳ್ಳಿಯ ಹಸಿ ಹಾಳೆಯ ತೂಕದಲ್ಲಿ ನೂರಕ್ಕೆ ಎಂಬತ್ತೈದಕ್ಕೂ ಹೆಚ್ಚು ಪಾಲು ನೀರೇ. ಹಸಿವಿಗಿಂತ ಬಾಯಾರಿಕೆಯೇ ಪ್ರಾಣಿಯನ್ನು ನಮ್ಮ ತೋಟಕ್ಕೆ ಎಳೆದು ತರುತ್ತದೆ ಎಂಬುದು ಇಷ್ಟು ವರ್ಷ ನೋಡಿ ನಾನು ಕಂಡುಕೊಂಡದ್ದು. ಹಾನಿಯ ಕರೆಗಳು ನನಗೆ ಹೆಚ್ಚಾಗಿ ಬರುವುದು ಮಾರ್ಚ್‌ನಿಂದ ಮೇ ನಡುವೆ. ಒಳ್ಳೆಯ ಮಳೆ ಬಿದ್ದ ವಾರ ಅವು ನಿಂತೇ ಹೋಗುತ್ತವೆ.

ಆದ್ದರಿಂದ ಬೇಲಿಯ ಮಾತಿಗೆ ಮೊದಲು ಕಡಿತವನ್ನು ಓದಿ. ಮೊಲ ಕಚ್ಚಿದರೆ ಎಳೆಯ ಕಾಂಡ ಚಾಕುವಿನಿಂದ ಓರೆಯಾಗಿ ಕೊಯ್ದಂತೆ ನುಣ್ಣಗಿರುತ್ತದೆ, ನೆಲದಿಂದ ಒಂದೂವರೆ ಅಡಿಗಿಂತ ಮೇಲೆ ಹಾನಿ ಇರುವುದಿಲ್ಲ, ಹತ್ತಿರದಲ್ಲಿ ದುಂಡಗಿನ ಒಣ ಹಿಕ್ಕೆ ಬಿದ್ದಿರುತ್ತದೆ. ಆಡು ಕುರಿಗಳಿಗೆ ಮೇಲ್ದವಡೆಯಲ್ಲಿ ಮುಂದಿನ ಹಲ್ಲುಗಳೇ ಇಲ್ಲ. ಅವು ಕಚ್ಚಿ ಎಳೆಯುತ್ತವೆ, ಅಂಚು ಹರಿದು ನಾರು ಜೋತಾಡುತ್ತದೆ. ನವಿಲು ಚುಚ್ಚಿದ ಕಡೆ ಸಣ್ಣ ತ್ರಿಕೋನದ ಗುಳಿಗಳು, ಗಿಡದ ಪಕ್ಕದಲ್ಲೇ ಅದು ಮಣ್ಣುಸ್ನಾನ ಮಾಡಿದ ತಗ್ಗು. ಕೋತಿ ಗಿಡವನ್ನೇ ಕಿತ್ತು, ಒಂದು ತುತ್ತು ರುಚಿ ನೋಡಿ, ಹತ್ತಡಿ ದೂರಕ್ಕೆ ಎಸೆದಿರುತ್ತದೆ. ಕಾಡುಹಂದಿ ಬಂದಿದ್ದರೆ ಒಂದು ಗಿಡದ ಮಾತಲ್ಲ, ಸಾಲಿಗೆ ಸಾಲೇ ನೇಗಿಲು ಹೊಡೆದಂತೆ ಎದ್ದಿರುತ್ತದೆ. ಬೆಳಗ್ಗೆ ಬಿಸಿಲೇರುವ ಮುನ್ನ ಹೋದರೆ ಇದೆಲ್ಲ ಸ್ಪಷ್ಟವಾಗಿ ಕಾಣುತ್ತದೆ. ಹನ್ನೊಂದು ಗಂಟೆಗೆ ಗಾಯ ಒಣಗಿ ಎಲ್ಲವೂ ಒಂದೇ ಥರ ಕಾಣತೊಡಗುತ್ತದೆ. ನನ್ನ ಅನುಭವದಲ್ಲಿ 'ಕಾಡುಪ್ರಾಣಿ ತಿಂದಿತು' ಎಂಬ ದೂರುಗಳಲ್ಲಿ ಎಷ್ಟೋ ಪಕ್ಕದ ಮನೆಯ ಆಡಿನವೇ.

ಮುಳ್ಳುಹಂದಿ ಹತ್ತುವುದಿಲ್ಲ, ಹಾರುವುದಿಲ್ಲ, ಅಗೆಯುತ್ತದೆ. ಅದಕ್ಕೆ ಆರಡಿ ಬೇಲಿ ಕಟ್ಟುವುದು ದಂಡ. ಎರಡೂವರೆ ಅಡಿ ಎತ್ತರದ ಗಟ್ಟಿ ವೆಲ್ಡ್ ಮೆಶ್ ಸಾಕು. ಆದರೆ ಇನ್ನೊಂದು ಅಡಿ ಮಣ್ಣಿನೊಳಗೆ ಇಳಿದು, ಅಲ್ಲಿಂದ ಹೊರಮುಖವಾಗಿ ಮಡಚಿಕೊಂಡಿರಬೇಕು. ಬೇಲಿಗೆ ಒತ್ತಿಕೊಂಡು ಅಗೆಯುವ ಪ್ರಾಣಿಯ ಉಗುರಿಗೆ ಆ ಮಡಿಕೆ ತಗಲುತ್ತದೆ. ಕೋಳಿ ಬಲೆ ಅಗ್ಗವೆಂದು ಹಾಕಬೇಡಿ, ಅದರ ತಂತಿ ಮುಳ್ಳುಹಂದಿಯ ಹಲ್ಲಿಗೆ ತಡೆಯುವುದಿಲ್ಲ. ಮೊಲಕ್ಕೆ ಮಾತ್ರ ಕೋಳಿ ಬಲೆ ಧಾರಾಳವಾಯಿತು. ನವಿಲು ಮತ್ತು ಕೋತಿಗೆ ಸುತ್ತುಬೇಲಿ ಯಾವ ಲೆಕ್ಕಕ್ಕೂ ಇಲ್ಲ. ಸಣ್ಣ ಗಿಡಗಳ ಮೇಲೆ ತಂತಿಯ ಬುಟ್ಟಿ ಬೋರಲು ಹಾಕಿ ಗೂಟ ಹೊಡೆಯಬೇಕು. ತಂತಿ ಗಿಡಕ್ಕೆ ತಾಗದಂತೆ ನಾಲ್ಕು ಬೆರಳು ಅಂತರವಿರಲಿ, ಕಾದ ಲೋಹ ಮಾಡುವ ಸುಟ್ಟ ಕಲೆ ಗಿಡದ ಮೇಲೆ ಕೊನೆಯವರೆಗೂ ಉಳಿಯುತ್ತದೆ. ಕಾಸು ಖರ್ಚು ಮಾಡಲಾಗದವರು ಬಳ್ಳಾರಿ ಜಾಲಿಯ ಮುಳ್ಳುಕಂಪೆಯನ್ನು ಬುಡದ ಸುತ್ತ ಒತ್ತಾಗಿ ಇಡಬಹುದು. ನಮ್ಮ ಹಿರಿಯರ ಈ ಉಪಾಯ ಮೊಲಕ್ಕೂ ಆಡಿಗೂ ಇಂದಿಗೂ ಫಲಿಸುತ್ತದೆ. ಹಳೆ ಸೀರೆ ಕಟ್ಟುವುದು, ಕೂದಲು ಚೆಲ್ಲುವುದು, ಬೇವಿನೆಣ್ಣೆ ಸಿಂಪಡಿಸುವುದು, ಇವೆಲ್ಲ ಕೆಲವು ರಾತ್ರಿಗಳ ಮಾತು.

ಬೇಲಿಗೆ ಮನೆಯ ಕರೆಂಟ್ ಹರಿಸುವುದು, ಕ್ಲಚ್ ವೈರಿನ ಉರುಳು ಕಟ್ಟುವುದು ಬೇಡವೇ ಬೇಡ. ಅದಕ್ಕೆ ಬಲಿಯಾಗುವುದು ಹಂದಿಯೊಂದೇ ಅಲ್ಲ. ಕರಡಿ, ಚಿರತೆ, ನಸುಕಿನಲ್ಲಿ ಹೊಲಕ್ಕೆ ಹೊರಟ ಮನುಷ್ಯ, ಯಾರಾದರೂ ಸಿಕ್ಕಬಹುದು. 1972ರ ವನ್ಯಜೀವಿ ಕಾಯ್ದೆಯಡಿ ಅದು ಅಪರಾಧ. ನಾಲ್ಕು ಕತ್ತಾಳೆಗಾಗಿ ಒಂದು ಜೀವ ತೆಗೆಯುವ ತೋಟಕ್ಕೆ ನಾನು ಗಿಡ ಕೊಡುವುದಿಲ್ಲ.

ಇನ್ನು ಗಿಡವನ್ನು ಬೆಳೆಸುವ ರೀತಿ. ಅರ್ಧ ರಕ್ಷಣೆ ಇರುವುದು ಇದರಲ್ಲೇ, ನಮ್ಮ ನರ್ಸರಿಗಳು ಕೆಡಿಸುವುದೂ ಇಲ್ಲೇ. ಹಸಿರು ನೆರಳುಬಲೆಯ ಕೆಳಗೆ, ದಿನ ಬಿಟ್ಟು ದಿನ ನೀರು, ಮೇಲೆ ಒಂದಿಷ್ಟು ಯೂರಿಯಾ. ಹಾಗೆ ಬೆಳೆದ ಗಿಡ ದುಂಡಗೆ ತುಂಬಿಕೊಂಡು ಮಾರಾಟಕ್ಕೆ ಚೆನ್ನಾಗಿ ಕಾಣುತ್ತದೆ. ಆದರೆ ಸಿಪ್ಪೆ ತೆಳು, ಮುಳ್ಳು ಮೆದು, ಒಳಗೆಲ್ಲ ನೀರು. ಮೊಲಕ್ಕೆ ಅದು ಸೌತೆಕಾಯಿ. ಅದನ್ನು ನೇರವಾಗಿ ಬೇಸಿಗೆಯ ಬಿಸಿಲಿಗಿಟ್ಟರೆ ಪಡುವಣ ಮೈ ಬೆಳ್ಳಗೆ ಬೆಂದುಹೋಗುತ್ತದೆ. ಮೂರು ನಾಲ್ಕು ವಾರ ಹಂತಹಂತವಾಗಿ ಬಿಸಿಲಿಗೆ ಒಡ್ಡಿ, ನೀರು ಕಡಿಮೆ ಮಾಡಿ, ಕುಂಡದಲ್ಲಿ ಯಾವ ಮೈ ದಕ್ಷಿಣಕ್ಕಿತ್ತೋ ನೆಲದಲ್ಲೂ ಅದನ್ನೇ ದಕ್ಷಿಣಕ್ಕಿಟ್ಟು ನೆಡಿ. ಕಾಂಡದ ತುಂಡು ನೆಡುವುದಾದರೆ ಕೊಯ್ದ ಬಾಯಿ ಒಣಗಿ ಗಟ್ಟಿಯಾಗಲು ಒಂದು ವಾರ, ಹತ್ತು ದಿನ ನೆರಳಿನಲ್ಲಿ ಬಿಡಿ. ನೆಡಲು ನಾನು ಆರಿಸುವುದು ಜೂನ್ ಕೊನೆಯ ಹದ ಮಳೆ. ಸೆಪ್ಟೆಂಬರ್‌ನ ಜಡಿಮಳೆಗೆ ಮೊದಲೇ ಬೇರು ಹಿಡಿದಿರಬೇಕು. ಗರಸು ಮಣ್ಣಿನ ಏರಿ ಮಾಡಿ ನೆಟ್ಟರೆ ನೀರು ನಿಲ್ಲುವುದಿಲ್ಲ, ಬುಡ ಕೊಳೆಯುವುದಿಲ್ಲ.

  

ಪಾಪಾಸುಕಳ್ಳಿಯನ್ನು ಬೇಲಿಗೆ ಹಚ್ಚುತ್ತೇವೆ ಎನ್ನುವವರಿಗೆ ಒಂದು ಎಚ್ಚರಿಕೆ. ನಮ್ಮ ತೆಲುಗು ನೆರೆಯವರು ನಾಗಜೆಮುಡು ಎನ್ನುವ ಈ ಗಿಡದ ಮೂಲ ಅಮೆರಿಕ ಖಂಡ. ಹಿಂದೆ ಅದು ದಕ್ಷಿಣ ಭಾರತದ ಬಯಲುಗಳನ್ನೇ ನುಂಗಿತ್ತು. 1795ರಲ್ಲಿ ಕೆಂಪು ಬಣ್ಣ ತೆಗೆಯಲೆಂದು ತಪ್ಪು ಜಾತಿಯ ಕೀಟ ತಂದಾಗ ಅದು ಒಂದು ಬಗೆಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. ಇನ್ನೊಂದು ಬಗೆಗೆ 1926ರಲ್ಲಿ ಬೇರೆ ಕೀಟವನ್ನೇ ತರಿಸಬೇಕಾಯಿತು. ಬಿದ್ದ ಹಾಳೆಯೆಲ್ಲ ಬೇರು ಬಿಡುವ ಗಿಡ ಅದು. ಗದ್ದೆಯಂಚಿಗೆ ನಮ್ಮದೇ ಚದುರಕಳ್ಳಿ ಇದೆ. ಅದರ ಹಾಲಿಗೆ ಹೆದರಿ ದನಕರುಗಳೂ ದೂರ ಇರುತ್ತವೆ. ಕಡಿಯುವಾಗ ಮಾತ್ರ ಕನ್ನಡಕ, ಕೈಗವಸು ಹಾಕಿಕೊಳ್ಳಲೇಬೇಕು. ಹಾಲು ಕಣ್ಣಿಗೆ ಹಾರಿದರೆ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಕಣ್ಣಿನ ವೈದ್ಯರಲ್ಲಿಗೆ ಹೋಗಿ.

ಮೇಷ್ಟ್ರ ತೋಟದಲ್ಲಿ ಎರಡು ಕೆಲಸ ಮಾಡಿದೆವು. ಎಳೆಯ ಕತ್ತಾಳೆಗಳಿಗೆ ಮಡಚಿದ ಮೆಶ್ ಹಾಕಿದೆವು. ತೋಟದಿಂದ ನೂರು ಮಾರು ಆಚೆ, ಗುಡ್ಡದ ಕಡೆಗೆ, ಒಂದು ಕಲ್ಲುಬಾನಿ ಇಟ್ಟು ಮಾರ್ಚ್‌ನಿಂದ ದಿನಕ್ಕೆರಡು ಕೊಡ ನೀರು ಹಾಕಿಸಿದೆವು. ಬಾನಿಯ ಉಪಾಯ ಎಲ್ಲ ಕಡೆ ಫಲಿಸಿಲ್ಲ. ತೋಟಕ್ಕೆ ತೀರ ಹತ್ತಿರ ಇಟ್ಟವರಲ್ಲಿ ಹಾನಿ ಹೆಚ್ಚಿದ್ದನ್ನೂ ನೋಡಿದ್ದೇನೆ. ಇಲ್ಲಿ ಮರುವರ್ಷದ ಬೇಸಿಗೆಯಲ್ಲಿ ಹೋದದ್ದು ಒಂದೇ ಗಿಡ. ಬಾನಿಯ ಸುತ್ತ ಮೇಷ್ಟ್ರು ನುಣ್ಣನೆಯ ಮಣ್ಣು ಹರಡಿಸಿದ್ದರು. "ಇದು ಮುಳ್ಳುಹಂದಿ, ಇದು ಪುನುಗು, ಇದು ನವಿಲು" ಎಂದು ಬಗ್ಗಿ ಒಂದೊಂದೇ ಹೆಜ್ಜೆ ತೋರಿಸಿದರು. ಮೂರನೆಯ ಬೇಸಿಗೆಗೆ ಕತ್ತಾಳೆಗಳ ಬುಡ ಮರದಂತೆ ಗಟ್ಟಿಯಾಗಿತ್ತು. ಮೆಶ್ ಕಿತ್ತು ಹೊಸ ಸಸಿಗಳಿಗೆ ಹಾಕಿದೆವು.