ಹಳೆ ಯೆಜ್ಡಿ ಸಾಕೋಕೆ ನಿಜಕ್ಕೂ ಎಷ್ಟು ಬೇಕು?

ಪ್ರಶ್ನೆ: ನಮ್ಮೂರಲ್ಲಿ ಒಂದು 1986ರ ಯೆಜ್ಡಿ ರೋಡ್‌ಕಿಂಗ್ ಬೈಕ್ ಇದೆ. ಓನರ್ ತೀರಿಕೊಂಡಿದ್ದಾರೆ, ಮಗ 70 ಸಾವಿರ ಹೇಳ್ತಿದ್ದಾರೆ. ಕೆಲವು ವರ್ಷಗಳಿಂದ ಶೆಡ್ಡಲ್ಲಿ ನಿಂತಿದೆ. ಆರ್‌ಸಿ 2021ಕ್ಕೇ ಮುಗಿದಿದೆ. ತಗೊಂಡರೆ ರೆಡಿ ಮಾಡಿಸೋಕೆ ಒಟ್ಟು ಎಷ್ಟಾಗಬಹುದು? ಡಿಸ್ಕ್ ಬ್ರೇಕ್, 12 ವೋಲ್ಟ್ ಲೈಟು ಎಲ್ಲ ಹಾಕಿಸಬಹುದಾ? (ಹಾಸನದ ಓದುಗರು)

ಈ ಪ್ರಶ್ನೆ ಊರು, ಮಾಡೆಲ್ಲು ಬದಲಾಯಿಸಿಕೊಂಡು ಬರುತ್ತಲೇ ಇರುತ್ತದೆ. ಚಿಕ್ಕದಾಗಿ ಹೇಳಬೇಕೆಂದರೆ, ಗಾಡಿಗೆ ಎಷ್ಟು ಕೊಡುತ್ತೀರೋ ಹೆಚ್ಚುಕಡಿಮೆ ಅಷ್ಟೇ ದುಡ್ಡನ್ನು ಪಕ್ಕದಲ್ಲಿ ತೆಗೆದಿಟ್ಟುಕೊಂಡಿರಬೇಕು. ಅದೂ ಬರೀ ಓಡುವ ಸ್ಥಿತಿಗೆ ತರಲು. ಪೇಂಟು, ಕ್ರೋಮ್ ಅದರಲ್ಲಿ ಸೇರಿಲ್ಲ.

ಕಾಗದದಿಂದಲೇ ಶುರು ಮಾಡೋಣ. ಎಲ್ಲರೂ ಎಂಜಿನ್ ಸದ್ದು ಕೇಳಿ ಮನಸೋಲುತ್ತಾರೆ, ಆರ್‌ಸಿ ಕೊನೆಗೆ ನೋಡುತ್ತಾರೆ. ಅದು ತಿರುವುಮುರುವು. ಎಂಜಿನ್ ಕೆಟ್ಟಿದ್ದರೆ ಮೆಕ್ಯಾನಿಕ್ ಸರಿ ಮಾಡುತ್ತಾನೆ. ಕಾಗದ ಕೆಟ್ಟಿದ್ದರೆ ಎಷ್ಟು ದುಡ್ಡು ಸುರಿದರೂ ಗಾಡಿ ರಸ್ತೆಗೆ ಬರುವುದಿಲ್ಲ.

ಖಾಸಗಿ ಬೈಕಿನ ನೋಂದಣಿ ಮೊದಲು 15 ವರ್ಷಕ್ಕೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಟಿಒಗೆ ಗಾಡಿ ತೋರಿಸಿ ನವೀಕರಿಸಬೇಕು. 1986ರ ಗಾಡಿ ಅಂದರೆ 2001, 2006, 2011, 2016, 2021. ನೀವು ಹೇಳಿದ ತಾರೀಖು ಈ ಲೆಕ್ಕಕ್ಕೆ ಸರಿಯಾಗಿ ಕೂರುತ್ತದೆ. ಅಂದರೆ 2016ರವರೆಗೂ ಆ ಮನೆಯವರು ತಪ್ಪದೆ ಮಾಡಿಸಿಕೊಂಡು ಬಂದಿದ್ದಾರೆ. ಇದು ಒಳ್ಳೆ ಲಕ್ಷಣ. ಕಾಗದ ನೋಡಿಕೊಂಡವರು ಗಾಡಿಯನ್ನೂ ನೋಡಿಕೊಂಡಿರುತ್ತಾರೆ, ಸಾಮಾನ್ಯವಾಗಿ.

2022ರ ಏಪ್ರಿಲ್‌ನಿಂದ ಬೈಕಿನ ನವೀಕರಣ ಶುಲ್ಕ 300ರಿಂದ 1,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಬೈಕಿಗೆ 2025ರ ಆಗಸ್ಟ್‌ನಲ್ಲಿ ಅದು 2,000 ಆಯಿತು. ಇದರ ಮೇಲೆ ರಾಜ್ಯದ ಹಸಿರು ತೆರಿಗೆ ಅಂತ ಒಂದು ಸಣ್ಣ ಮೊತ್ತ. ಇದ್ಯಾವುದೂ ನಿಮ್ಮ ಜೇಬು ಸುಡುವುದಿಲ್ಲ. ಸುಡುವುದು ವಿಳಂಬ ಶುಲ್ಕ. ಬೈಕಿಗೆ ತಿಂಗಳಿಗೆ 300 ರೂಪಾಯಿ. ವರ್ಷಕ್ಕೆ 3,600, ನಾಲ್ಕು ವರ್ಷಕ್ಕೆ 14,400. ವ್ಯಾಪಾರ ಮುಗಿಸುವ ಮುಂಚೆ ಹಾಸನದ ಆರ್‌ಟಿಒಗೆ ಹೋಗಿ, ಈ ನಂಬರಿಗೆ ಬಾಕಿ ಎಷ್ಟು ಬರುತ್ತದೆ ಅಂತ ಕೇಳಿ. ಆ ಮೊತ್ತವನ್ನು ಹೇಳಿದ ಬೆಲೆಯಿಂದ ಕಳೆಯಿರಿ. ಬಾಕಿ ಅವರದು, ನಿಮ್ಮದಲ್ಲ.

ಇನ್ನೊಂದು, ಓನರ್ ಈಗ ಇಲ್ಲ. ಹಾಗಾಗಿ ಗಾಡಿ ನೇರವಾಗಿ ನಿಮ್ಮ ಹೆಸರಿಗೆ ಬರುವುದಿಲ್ಲ. ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಹೋಗಬೇಕು. ಮರಣ ಪತ್ರ ಬೇಕು, ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರ ಒಪ್ಪಿಗೆಯನ್ನೂ ಕೇಳುತ್ತಾರೆ. ಅದಾದ ಮೇಲೆ ನಿಮ್ಮ ಹೆಸರಿಗೆ ಮಾಡಿಸಲು ಫಾರಂ 29, 30. ಸತ್ತವರ ಹೆಸರಿನಲ್ಲೇ ಸಹಿ ಹಾಕಿಕೊಟ್ಟ ಹಳೇ ಫಾರಂ ಇದೆ ಅಂತ ಯಾರಾದರೂ ಕೊಡಲು ಬಂದರೆ ಅಲ್ಲಿಂದ ಎದ್ದು ಬನ್ನಿ.

ಗಾಡಿ ಹತ್ತಿರ ಕೂತು ಎಂಜಿನ್ ನಂಬರ್, ಚಾಸಿ ನಂಬರ್ ಎರಡನ್ನೂ ಚಿಂದಿ ಬಟ್ಟೆಯಲ್ಲಿ ಒರೆಸಿ ಆರ್‌ಸಿ ಜೊತೆ ತಾಳೆ ನೋಡಿ. ಯೆಜ್ಡಿಗಳಲ್ಲಿ ಎಂಜಿನ್ ಬದಲಾವಣೆ ಬಹಳ. ಒಂದು ಕೆಟ್ಟರೆ ಗುಜರಿಯಿಂದ ಇನ್ನೊಂದು ತಂದು ಕೂರಿಸುವುದು ಆ ಕಾಲಕ್ಕೆ ಮಾಮೂಲಿ. ನಂಬರ್ ತಾಳೆ ಆಗದಿದ್ದರೆ ನವೀಕರಣದ ದಿನ ಇನ್‌ಸ್ಪೆಕ್ಟರ್ ಅಲ್ಲೇ ನಿಲ್ಲಿಸುತ್ತಾರೆ. ಹಾಗೇ ನಂಬರ್ ಪ್ಲೇಟು. ಕೆಎ ಬರುವ ಮುಂಚಿನ ಮೂರಕ್ಷರದ ನಂಬರ್ ಇದ್ದರೆ, ಎಂವೈ ಅಥವಾ ಸಿಎ ಅಂತ ಶುರುವಾಗುವಂಥದ್ದು, ಅದೇ ಒಂದು ಆಸ್ತಿ. ಈಗ ಎಚ್‌ಎಸ್‌ಆರ್‌ಪಿ ಅನ್ನುವ ಹೈ ಸೆಕ್ಯುರಿಟಿ ನಂಬರ್ ಪ್ಲೇಟಿಗೂ ಒಂದೈನೂರು ರೂಪಾಯಿ ಇಟ್ಟುಕೊಳ್ಳಿ.

'ವಿಂಟೇಜ್ ಅಂತ ನೋಂದಾಯಿಸಿದರೆ ರಗಳೆ ಇಲ್ಲವಂತೆ' ಅಂತ ಯಾರೋ ಹೇಳಿಯೇ ಹೇಳುತ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳಲು 50 ವರ್ಷ ಆಗಿರಬೇಕು. ನಿಮ್ಮ ಗಾಡಿಗೆ ಅದು 2036ಕ್ಕೆ. ಆಗಲೂ ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಮೇಲಾಗಿ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ, ಇಷ್ಟಕ್ಕೇ ರಸ್ತೆಗೆ ತರಬೇಕು. ಓಡಿಸೋ ಆಸೆಯವರಿಗೆ ಅದು ಹೇಳಿದ್ದಲ್ಲ.

ಹೊಗೆ ತಪಾಸಣೆಗೆ ಅಷ್ಟು ಹೆದರಬೇಡಿ. 2000ದ ಮಾರ್ಚ್‌ಗೆ ಮುಂಚೆ ತಯಾರಾದ ಬೈಕುಗಳಿಗೆ ಮಿತಿ ಬೇರೆಯೇ ಇದೆ: ಕಾರ್ಬನ್ ಮಾನಾಕ್ಸೈಡ್ 4.5 ಶೇಕಡಾ, ಹೈಡ್ರೋಕಾರ್ಬನ್ 9,000 ಪಿಪಿಎಂ. ನಿಮ್ಮ ರೋಡ್‌ಕಿಂಗ್ ಟೂ ಸ್ಟ್ರೋಕ್, ಅಂದರೆ ಪೆಟ್ರೋಲಿಗೇ ಆಯಿಲ್ ಬೆರೆಸಿ ಓಡಿಸುವ ಎಂಜಿನ್. ಕಾರ್ಬುರೇಟರ್ ಸರಿಯಾಗಿ ಟ್ಯೂನ್ ಆಗಿದ್ದರೆ ಅದೂ ಅಷ್ಟರೊಳಗೆ ಬರಬೇಕು.

ಈಗ ಗಾಡಿಗೆ ಬರೋಣ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದಿನಿಂದ ಕಂಪನಿಯ ಹೊಸ ಬಿಡಿಭಾಗ ಅನ್ನೋದೇ ಇಲ್ಲ. 2022ರಲ್ಲಿ ಅದೇ ಹೆಸರಿನಲ್ಲಿ ಬಂದ ಹೊಸ ಯೆಜ್ಡಿಗಳು ಫೋರ್ ಸ್ಟ್ರೋಕ್. ಅವುಗಳ ಶೋರೂಮಿಗೆ ಹೋಗಿ ರೋಡ್‌ಕಿಂಗ್ ಪಿಸ್ಟನ್ ಕೇಳಿದರೆ ಅವರೇನು ಮಾಡಿಯಾರು? ನಿಮಗೆ ಸಿಗುವುದು ಮೂರು ಥರದ ಮಾಲು. ಯಾವುದೋ ಹಳೇ ಅಂಗಡಿಯ ಅಟ್ಟದಲ್ಲಿ ಉಳಿದ ಒರಿಜಿನಲ್, ಬೇರೆ ಗಾಡಿಯಿಂದ ಬಿಚ್ಚಿದ್ದು, ಈಗ ಯಾರೋ ತಯಾರಿಸಿದ ಲೋಕಲ್. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ, ಮೈಸೂರಿನ ಹಳೇ ಮೆಕ್ಯಾನಿಕ್‌ಗಳು, ಹುಡುಕಾಟ ಇಷ್ಟರಲ್ಲೇ ಸುತ್ತುತ್ತದೆ. ಅದೇ ಕಾರ್ಖಾನೆಯ ಹಳೇ 'ಎ ಟೈಪ್' ಜಾವಾ ಬೈಕ್ ಆಗಿದ್ದರೆ ಚೆಕ್ ದೇಶದಿಂದ ಭಾಗ ತರಿಸುವ ದಾರಿಯೂ ಇದೆ, ಅಲ್ಲಿ ಈಗಲೂ ಮಾಡುತ್ತಾರೆ. ರೋಡ್‌ಕಿಂಗ್ ಮಾತ್ರ ನಮ್ಮ ಮೈಸೂರಿನದೇ. ಅದಕ್ಕೆ ಬೇಕಾದ ಎಷ್ಟೋ ಭಾಗ ಅಲ್ಲೂ ಸಿಗದು.

ಅದಕ್ಕೇ ನಾನು ಎಲ್ಲರಿಗೂ ಹೇಳುವುದು, ಓಡುತ್ತಿದೆಯಾ ಅಂತ ಕೇಳುವುದಕ್ಕಿಂತ ಎಲ್ಲ ಇದೆಯಾ ಅಂತ ನೋಡಿ. ಒರಿಜಿನಲ್ ಟ್ಯಾಂಕ್, ಎರಡೂ ಸೈಲೆನ್ಸರ್, ಟೂಲ್‌ಬಾಕ್ಸ್ ಮುಚ್ಚಳ, ಸ್ಪೀಡೊಮೀಟರ್, ಹೆಡ್‌ಲೈಟ್ ಡೂಮು, ಮಡ್‌ಗಾರ್ಡು. ಎಂಜಿನ್ ಸತ್ತಿದ್ದರೂ ಇವೆಲ್ಲ ಜಾಗದಲ್ಲಿದ್ದರೆ ಆ ಗಾಡಿ ಅಗ್ಗ. ಎಂಜಿನ್ ಗುಂಡುಕಲ್ಲಿನ ಹಾಗಿದ್ದು ಇವೇ ಇಲ್ಲದಿದ್ದರೆ ಅದು ದುಬಾರಿ.

ಎಂಜಿನ್ನಿನಲ್ಲಿ ಏನಾಗಿರುತ್ತದೆ? ನಿಂತ ಟೂ ಸ್ಟ್ರೋಕ್‌ನಲ್ಲಿ ಮೊದಲು ಸಾಯುವುದು ಕ್ರ್ಯಾಂಕಿನ, ಅಂದರೆ ಪಿಸ್ಟನ್ ತಿರುಗಿಸುವ ದಂಡದ, ಆಯಿಲ್ ಸೀಲ್‌ಗಳು. ರಬ್ಬರ್ ಒಣಗಿ ಗಟ್ಟಿಯಾಗುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲ್ಲನ್ನು ಎಂಜಿನ್ ಒಳಗೆ ಎಳೆದುಕೊಂಡು ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಆಯಿಲ್ ಎಲ್ಲಿ ಹೋಯಿತು ಅಂತ ಗೊತ್ತಾಗುವುದಿಲ್ಲ. ಡೈನಮೊ (ಬ್ಯಾಟರಿ ಚಾರ್ಜ್ ಮಾಡುವ ಭಾಗ) ಕಡೆಯ ಸೀಲ್ ಹೋದರೆ ಇನ್ನೂ ಅಪಾಯ. ಗಾಳಿ ನುಗ್ಗಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ತಾನಾಗಿ ಏರುತ್ತದೆ, ಒಂದು ದಿನ ಹೈವೇಲಿ ಪಿಸ್ಟನ್ ಬಿಗಿದುಕೊಂಡು ಸೀಜ್. ಸೀಲಿನ ಬೆಲೆ ನೂರಾರು ರೂಪಾಯಿ ಅಷ್ಟೇ. ಅಲ್ಲಿಗೆ ತಲುಪುವ ಕೆಲಸಕ್ಕೆ ಸಾವಿರಾರು.

ಹಾಗಾಗಿ ನಿಂತ ಗಾಡಿಯ ಎಂಜಿನ್ನನ್ನು ಒಮ್ಮೆ ಪೂರ್ತಿ ಬಿಚ್ಚಿಸುವುದೇ ವಾಸಿ. ಬಿಚ್ಚಿದ ಮೇಲೆ ಎಲ್ಲ ಬೇರಿಂಗ್, ಸೀಲ್ ಬದಲಾಯಿಸಿ. ಕನೆಕ್ಟಿಂಗ್ ರಾಡಿನ ಬುಡದಲ್ಲಿ ಆಟ ಇದ್ದರೆ ಕ್ರ್ಯಾಂಕನ್ನು ಪ್ರೆಸ್‌ನಲ್ಲಿ ಬಿಡಿಸಿ, ರಾಡ್ ಕಿಟ್ ಹಾಕಿಸಿ, ಮತ್ತೆ ಸೆಂಟರ್ ಮಾಡಿಸಬೇಕು. ಈ ಕೆಲಸವನ್ನು ಅಗ್ಗಕ್ಕೆ ಮಾಡುವವರ ಹತ್ತಿರ ಹೋಗಬೇಡಿ. ಸೆಂಟರ್ ಕೂದಲೆಳೆಯಷ್ಟು ತಪ್ಪಿದರೂ ಹೊಸ ಬೇರಿಂಗ್, ಹೊಸ ಸೀಲ್ ಎರಡೂ ಬೇಗ ಹೋಗುತ್ತವೆ. ಆಮೇಲೆ ಬೋರ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ದೊಡ್ಡ (ಓವರ್‌ಸೈಜ್) ಪಿಸ್ಟನ್ ಹಾಕುವುದು. ಈಗ ಯಾವ ಓವರ್‌ಸೈಜ್ ಪಿಸ್ಟನ್ ಇದೆ ಅಂತ ಕೇಳಿ ತಿಳಿದುಕೊಳ್ಳಿ. ಕೊನೆ ಸೈಜ್ ಮುಗಿದಿದ್ದರೆ ಸಿಲಿಂಡರ್ ಒಳಗೆ ಹೊಸ ಸ್ಲೀವ್ (ಒಳಕೊಳವೆ) ಹಾಕಿಸಬೇಕಾಗುತ್ತದೆ. ಕಾರ್ಕಿನ ಕ್ಲಚ್ ಪ್ಲೇಟ್‌ಗಳು ಒಣಗಿ ಉದುರಿರುತ್ತವೆ, ಅವನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಲ್ಲ ಸೇರಿ, ಮಜೂರಿಯೂ ಸೇರಿ, 20ರಿಂದ 30 ಸಾವಿರ ಅಂದುಕೊಳ್ಳಿ. ಇದೂ ಮುಂದಿನ ಮೊತ್ತಗಳೂ ನನ್ನ ಅಂದಾಜು. ಊರಿಗೊಂದು, ಕೈಗೊಂದು ರೇಟು ಇರುತ್ತದೆ.

ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಎರಡು ಟೈರು, ಟ್ಯೂಬು 6 ಸಾವಿರದ ಆಸುಪಾಸು. ಬ್ರೇಕ್ ಲೈನರ್, ಎಲ್ಲ ಕೇಬಲ್ಲು, ಚೈನ್ ಸೆಟ್ಟು, ರಬ್ಬರ್ ಸಾಮಾನಿಗೆ ಇನ್ನೊಂದು 6. ವೈರಿಂಗ್, ಬ್ಯಾಟರಿ, ಡೈನಮೊ ಕೆಲಸ 7. ಟ್ಯಾಂಕಿನ ತುಕ್ಕು ತೆಗೆಸಿ ಕಾರ್ಬುರೇಟರ್ ಕ್ಲೀನ್ ಮಾಡಿಸಲು 4. ಎಂಜಿನ್ನಿಗೆ ನಡುವಿನ 25 ಇಟ್ಟರೆ 48 ಸಾವಿರ. ಕಾಗದಕ್ಕೆ 18 ಸೇರಿಸಿ, 66. ಗಾಡಿಯ 70 ಕೂಡಿದರೆ 1 ಲಕ್ಷದ 36 ಸಾವಿರ. ಪೇಂಟು, ಗೆರೆ ಎಳೆಯುವ ಕೆಲಸ, ಕ್ರೋಮ್ ಅಂತ ಹೊರಟರೆ ಮೇಲೆ 40–50 ಸಾವಿರ ಸುಲಭವಾಗಿ ಹೋಗುತ್ತದೆ. ಅದನ್ನು ಒಂದು ವರ್ಷ ಮುಂದೂಡಿ. ಹೊಸ ಪೇಂಟ್ ಮಾಡಿಸಿದ ಮೇಲೆ ಎಂಜಿನ್ ಇಳಿಸುವಾಗ ಗೀರು ಬಿದ್ದರೆ ಅಳಬೇಕಾಗುತ್ತದೆ.

ಅಪ್‌ಗ್ರೇಡ್ ವಿಷಯ. ಡಿಸ್ಕ್ ಬ್ರೇಕ್ ಬೇಡ. ಅದಕ್ಕೆ ಬೇರೆ ಗಾಡಿಯ ಫೋರ್ಕು, ಹಬ್ಬು, ಕೆಲವೊಮ್ಮೆ ವೀಲೇ ಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ತಯಾರಕರು ಕೊಟ್ಟ ವಿವರಕ್ಕಿಂತ ಬೇರೆ ಆಗುವಂತೆ ಗಾಡಿ ಬದಲಾಯಿಸಬೇಡಿ ಅನ್ನುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಅಂತ ಸೇರಿತು. ಕಾನೂನು ಬದಿಗಿಟ್ಟರೂ, ಮುಂದೆ ಮಾರುವಾಗ ಡಿಸ್ಕ್ ಹಾಕಿದ ರೋಡ್‌ಕಿಂಗಿಗೆ ಬೆಲೆ ಇಳಿಯುತ್ತದೆ. ಡ್ರಮ್ಮನ್ನು ಲೇತಿನಲ್ಲಿ ಸಮ ಮಾಡಿಸಿ, ಒಳ್ಳೆ ಲೈನರ್ ಅಂಟಿಸಿ, ಹೊಸ ಕೇಬಲ್ ಹಾಕಿಸಿ. ಈ ಗಾಡಿಯ ವೇಗಕ್ಕೆ ಅದು ಸಾಕು. ಹೊಸ ಬೈಕಿನ ಹಿಂದೆ ಅಂಟಿಕೊಂಡು ಓಡಿಸುವ ಚಾಳಿ ಇದ್ದರೆ ಮಾತ್ರ ಸಾಲದು.

12 ವೋಲ್ಟ್ ಬೇರೆ ಮಾತು. ಅದಕ್ಕೆ ಖರ್ಚು ಮಾಡಿದರೆ ನಾನು ಬೈಯುವುದಿಲ್ಲ. ಆ ಕಾಲದ ಹೆಚ್ಚಿನ ಯೆಜ್ಡಿಗಳಲ್ಲಿ ಇರುವುದು 6 ವೋಲ್ಟ್ ಡೈನಮೊ, ಪಾಯಿಂಟ್ ಇಗ್ನಿಷನ್. ಬ್ಯಾಟರಿ ಕುಸಿದರೆ ಪ್ಲಗ್ಗಿಗೆ ಕಿಡಿಯೂ ಇಲ್ಲ. ರಾತ್ರಿ ಹೆಡ್‌ಲೈಟ್ ಹಾಕಿಕೊಂಡು ನಿಧಾನಕ್ಕೆ ಹೋದರೆ ಚಾರ್ಜಿಂಗ್ ಸಾಲುವುದಿಲ್ಲ. ಇಲ್ಲಿ ಸಿಗುವ ಸಿಡಿಐ (ಪಾಯಿಂಟಿನ ಬದಲು ಎಲೆಕ್ಟ್ರಾನಿಕ್ ಆಗಿ ಕಿಡಿ ಕೊಡುವ ವ್ಯವಸ್ಥೆ), 12 ವೋಲ್ಟ್ ಕಿಟ್ ಹತ್ತು ಹದಿನೈದು ಸಾವಿರಕ್ಕೆ ಆಗಬಹುದು. ಚೆಕ್ ದೇಶದ ಕಿಟ್ಟು ಗುಣಮಟ್ಟದಲ್ಲಿ ಮೇಲು, ಆದರೆ ಸುಂಕ, ಕೊರಿಯರ್ ಸೇರಿದರೆ ಮೂವತ್ತು ಸಾವಿರ ದಾಟುವುದು ಕಷ್ಟವಲ್ಲ. ಯಾವುದೇ ಹಾಕಿಸಿ, ಬಿಚ್ಚಿದ ಡೈನಮೊ, ಕಾಯಿಲ್ಲು ಎಲ್ಲವನ್ನೂ ಕಟ್ಟಿ ಮನೆಯಲ್ಲಿಡಿ. ಮೆಕ್ಯಾನಿಕ್ 'ಇಲ್ಲೇ ಬಿಡಿ ಸಾರ್' ಅಂದರೂ ಬಿಡಬೇಡಿ. ಹಾಗೆ ಬಿಟ್ಟದ್ದೇ ಮುಂದೆ ಇನ್ನೊಬ್ಬರಿಗೆ ಒಳ್ಳೆ ರೇಟಿಗೆ ಹೋಗುತ್ತದೆ! ಆದರೆ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಹಳೇ ವೈರಿಂಗನ್ನೇ ಹೊಸದಾಗಿ ಮಾಡಿಸಿ, ಅರ್ಥಿಂಗ್ ಸರಿ ಮಾಡಿಸಿ, ಡೈನಮೊ ಬ್ರಶ್ ಬದಲಾಯಿಸಿ ನೋಡಿ. ಎಷ್ಟೋ ಗಾಡಿಗಳ ಕಾಯಿಲೆ ಅಷ್ಟಕ್ಕೇ ವಾಸಿಯಾಗುತ್ತದೆ.

ವರ್ಷದ ಖರ್ಚು ಅಷ್ಟೇನೂ ಭಯಪಡುವಂಥದ್ದಲ್ಲ. 150ರಿಂದ 350 ಸಿಸಿ ಬೈಕಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಪ್ರೀಮಿಯಂ 2022ರಲ್ಲಿ 1,366 ರೂಪಾಯಿ ಅಂತ ನಿಗದಿಯಾಗಿತ್ತು. ಆ ದರಕ್ಕೆ 18 ಶೇಕಡಾ ಜಿಎಸ್‌ಟಿ ಸೇರಿದರೆ ಸುಮಾರು 1,612. ಇದು ಬೇರೆಯವರಿಗೆ ಆದ ನಷ್ಟಕ್ಕೆ ಮಾತ್ರ. ನಿಮ್ಮ ಗಾಡಿ ಕಳುವಾದರೆ ಏನೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಕೇಳಿದರೆ, ಇಷ್ಟು ಹಳೇ ಗಾಡಿಗೆ ಬೆಲೆ ಎಷ್ಟು ಅಂತ ಕಂಪನಿ ಜೊತೆ ಮಾತಾಡಿ ಒಪ್ಪಿಸಬೇಕು. ಸಾಮಾನ್ಯವಾಗಿ ಅವರು ಹೇಳುವ ಮೊತ್ತಕ್ಕೆ ನಿಮ್ಮ ಸೈಲೆನ್ಸರ್ ಜೋಡಿಯೂ ಬರುವುದಿಲ್ಲ. ದುಡ್ಡು ಇದ್ದರೆ ಒಂದು ಒಳ್ಳೆ ಬೀಗ, ಗಟ್ಟಿ ಚೈನಿಗೆ ಹಾಕಿ.

ಮೈಲೇಜು ಲೀಟರಿಗೆ 30 ಕಿ.ಮೀ. ಆಸುಪಾಸು. ವರ್ಷಕ್ಕೆ 2,000 ಕಿ.ಮೀ. ಓಡಿಸಿದರೆ ಪೆಟ್ರೋಲ್ 67 ಲೀಟರು, ಲೀಟರಿಗೆ 30–40 ಮಿಲಿ ಲೆಕ್ಕದಲ್ಲಿ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಎರಡು, ಎರಡೂವರೆ ಲೀಟರು. ಪ್ಲಗ್ಗು, ಪಾಯಿಂಟು, ಕೇಬಲ್ಲು ಅಂತ ಸಣ್ಣಪುಟ್ಟದ್ದು. ಅನಿರೀಕ್ಷಿತಕ್ಕೆ ಅಂತ 10 ಸಾವಿರ ಇಟ್ಟರೂ ಎಲ್ಲ ಸೇರಿ 20 ಸಾವಿರ ಚಿಲ್ಲರೆ. ಈಗ ಬಂಕಿನಲ್ಲಿ ಬರುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಎಥನಾಲ್ ನೀರು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ನೀರು ತಳಕ್ಕಿಳಿದು ಟ್ಯಾಂಕಿಗೆ ತುಕ್ಕು, ಹಳೇ ರಬ್ಬರ್ ಪೈಪು, ಪೆಟ್ರೋಲ್ ಕಾಕಿನ (ನಲ್ಲಿಯ) ವಾಷರ್ ಹಾಳು. ಪೈಪನ್ನು ಹೊಸ ಪೆಟ್ರೋಲಿಗೆ ತಡೆಯುವಂಥದ್ದಕ್ಕೆ ಬದಲಾಯಿಸಿ. ನಿಲ್ಲಿಸುವುದಾದರೆ ಟ್ಯಾಂಕೂ ಕಾರ್ಬುರೇಟರೂ ಖಾಲಿ ಮಾಡಿ.

ಇನ್ನು ನಿಮ್ಮ 70 ಸಾವಿರ. ಭಾಗಗಳೆಲ್ಲ ಇದ್ದು ನಂಬರ್ ತಾಳೆಯಾದರೆ ಗಾಡಿ ಬಿಡಬೇಡಿ, ಆದರೆ ಆ ಬೆಲೆ ಕೊಡಬೇಡಿ. ಶೆಡ್ಡಿನಲ್ಲೇ ಪ್ಲಗ್ ಬಿಚ್ಚಿ, ಸಿಲಿಂಡರಿಗೆ ನಾಲ್ಕು ಹನಿ ಆಯಿಲ್ ಬಿಟ್ಟು, ಅರ್ಧ ಗಂಟೆ ಬಿಟ್ಟು ನಿಧಾನಕ್ಕೆ ಕಿಕ್ ಒತ್ತಿ ನೋಡಿ. ತಿರುಗಿದರೆ ವಿಳಂಬ ಶುಲ್ಕ ಕಳೆದು 50–55ಕ್ಕೆ ಕೇಳಿ. ಜಾಮ್ ಆಗಿದ್ದರೆ 40ರಿಂದ ಶುರು ಮಾಡಿ. ಅಡ್ವಾನ್ಸ್ ಅಂತ ಐದು ಸಾವಿರ ಕೊಟ್ಟು ಚೀಟಿ ಬರೆಸಿಕೊಳ್ಳಿ. ಉಳಿದದ್ದನ್ನು ಆರ್‌ಸಿ ಆ ಮಗನ ಹೆಸರಿಗೆ ಬಂದ ದಿನ ಕೊಡಿ.