‘ಅಷ್ಟು ಕಷ್ಟ ಇದ್ದಿದ್ರೆ ಕೆಲಸ ಬಿಡಬಹುದಿತ್ತಲ್ಲ?’

ಕೆಲಸದ ಜಾಗದ ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ಸಮಿತಿಗಳಲ್ಲಿ ಹೊರಗಿನ ಸದಸ್ಯೆಯಾಗಿ ಕೂತು ಹತ್ತು ವರ್ಷದ ಮೇಲಾಯಿತು. ಈ ಪ್ರಶ್ನೆ ಬರದ ವಿಚಾರಣೆ ಒಂದೂ ನೆನಪಿಲ್ಲ. ಕೇಳುವವರು ಕೆಟ್ಟವರೇನಲ್ಲ. ಆದರೆ ದೂರು ಕೊಟ್ಟವಳು ಕೆಲಸ ಬಿಟ್ಟು ಹೋಗಿದ್ದರೆ ಇದೇ ಜನ ‘ನಿಜ ಆಗಿದ್ರೆ ನಿಂತು ಎದುರಿಸ್ತಿದ್ಲು’ ಅನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಪೀಣ್ಯ ಕಡೆಯ ಒಂದು ಗಾರ್ಮೆಂಟ್ಸ್. ಗೋಪ್ಯತೆ ಕಾನೂನಿನಲ್ಲೇ ಇರುವುದರಿಂದ ಕೆಲವು ವಿವರ ಬದಲಿಸಿದ್ದೇನೆ. ಸೂಪರ್‌ವೈಸರ್ ಬಂಡಲ್ ಕೊಡುವ ನೆಪದಲ್ಲಿ ಮೈ ಮುಟ್ಟುತ್ತಿದ್ದ. ಆ ಹೆಣ್ಣುಮಗಳು ಅವನು ಬರುವ ಕಡೆ ಕಟ್ ಪೀಸ್‌ಗಳನ್ನು ಗುಡ್ಡೆ ಹಾಕಿ ಗೋಡೆ ಮಾಡಿಕೊಂಡಿದ್ದಳು. ಹಾಗೇ ಏಳು ತಿಂಗಳು ಹೊಲಿದಿದ್ದಳು. ಸಮಿತಿಯಲ್ಲಿ ಒಬ್ಬರು ಮಾಮೂಲಿ ಪ್ರಶ್ನೆ ಕೇಳಿಯೇಬಿಟ್ಟರು. ಅವಳು ಹೇಳಿದ್ದು ಇಷ್ಟೇ: ‘ನಾಲ್ಕು ವರ್ಷ ಮೂರು ತಿಂಗಳಾಗಿದೆ ಮೇಡಂ.’

ಯಾರಿಗೂ ಅರ್ಥವಾಗಲಿಲ್ಲ. ಐದು ವರ್ಷ ತುಂಬಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ವರ್ಷಕ್ಕೆ 15 ದಿನದ ಸಂಬಳದ ಲೆಕ್ಕ. ಅವಳಿಗೆ ಅದು ಮಗಳ ಪಿಯುಸಿ ಫೀಸು. ಜೊತೆಗೆ ಚೀಟಿ ಕಂತು, ಇಎಸ್‌ಐನಲ್ಲಿ ಅಮ್ಮನ ಶುಗರ್ ಮಾತ್ರೆ. ಐಟಿ ಕಂಪನಿಯವರದ್ದೂ ಇದೇ ಕಥೆ, ಅಲ್ಲಿ ನೋಟಿಸ್ ಪೀರಿಯಡ್, ರಿಲೀವಿಂಗ್ ಲೆಟರ್, ಹೋಮ್ ಲೋನ್.

ದೂರು ನಿಜ ಅಂತ ತೀರ್ಮಾನವಾಯಿತು. ಅವನನ್ನು ತೆಗೆದರು. ಐದು ವಾರ ಬಿಟ್ಟು ಅವಳೂ ಹೋದಳು, ಗ್ರಾಚ್ಯುಟಿ ಬಿಟ್ಟು! ಮ್ಯಾನೇಜ್‌ಮೆಂಟಿಗೆ ಬೇಜಾರು: ‘ನ್ಯಾಯ ಸಿಕ್ಕಿತಲ್ಲ, ಇನ್ನೇನು ಬೇಕಿತ್ತು?’ ಅವಳಿಗೇ ಫೋನ್ ಮಾಡಿ ಕೇಳಿದೆ. ಅವನು ಆ ಲೈನಿನವರಿಗೆ ಜಾಸ್ತಿ ಓಟಿ ಕೊಡಿಸುತ್ತಿದ್ದನಂತೆ. ಅವನು ಹೋದ ಮೇಲೆ ಇವಳು ಡಬ್ಬಿ ತೆಗೆದರೆ ಪಕ್ಕದವರು ಎದ್ದು ಹೋಗುತ್ತಿದ್ದರು. ‘ಅವನ ಕೈ ತಡ್ಕೊಂಡಿದ್ದೆ ಮೇಡಂ, ಇದು ಆಗ್ಲಿಲ್ಲ.’ ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ನಾನು ನೋಡಿದವರಲ್ಲಿ ಮಾತ್ರ, ಕಿರುಕುಳಕ್ಕಿಂತ ಆಮೇಲಿನ ಮೌನಕ್ಕೆ ಕೆಲಸ ಬಿಟ್ಟವರೇ ಜಾಸ್ತಿ.

ಇನ್ನು ಕಾನೂನಿನ ಮಾತು. ಕೆಲಸ ಬಿಟ್ಟರೆ ದೂರು ಮುಗಿಯುವುದಿಲ್ಲ. ಮತ್ತೆ ಹೇಳುತ್ತೇನೆ, ಮುಗಿಯುವುದಿಲ್ಲ. ‘ರಿಲೀವ್ ಆದ್ರು, ಫೈಲ್ ಕ್ಲೋಸ್ ಅಲ್ವಾ?’ ಅಂತ ಮೊನ್ನೆಯೂ ಒಬ್ಬ ಮ್ಯಾನೇಜರ್ ಕೇಳಿದರು. ಅಲ್ಲ ಸ್ವಾಮಿ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ‘ನೊಂದ ಮಹಿಳೆ’ ಅನ್ನುವಾಗ ಆಕೆ ಅಲ್ಲಿ ಕೆಲಸದಲ್ಲಿದ್ದಾಳೋ ಇಲ್ಲವೋ ನೋಡುವುದಿಲ್ಲ. ರಾಜೀನಾಮೆ ಕೊಟ್ಟ ಮೇಲೂ ದೂರು ಕೊಡಬಹುದು. ಕೊನೆಯ ಘಟನೆಯಿಂದ ಮೂರು ತಿಂಗಳು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಕೊಡಬಹುದು. ನಿಮ್ಮ ಪ್ರಕರಣದ ತಾರೀಖುಗಳನ್ನು ಮಾತ್ರ ವಕೀಲರಿಗೆ ತೋರಿಸಿ, ಈ ಅಂಕಣ ನಂಬಿ ಕೂರಬೇಡಿ.

ವಿಚಾರಣೆ ನಡೆಯುವಾಗ ಆಕೆ ಬರೆದು ಕೇಳಿದರೆ ಮೂರು ತಿಂಗಳವರೆಗೆ ರಜೆ ಕೊಡಿಸಬಹುದು. ಅದು ಆಕೆಯ ಸ್ವಂತ ರಜೆಯಿಂದ ಕಳೆಯುವಂಥದ್ದಲ್ಲ. ಇಬ್ಬರಲ್ಲಿ ಒಬ್ಬರನ್ನು ಬೇರೆ ಕಡೆ ಹಾಕಲೂಬಹುದು. ಆ ‘ಒಬ್ಬರು’ ಯಾವಾಗಲೂ ಹೆಂಗಸೇ ಆಗುವುದು ಯಾಕೋ!

ಈಗ ವರದಿ ಕೊಟ್ಟ ಮೇಲೆ ಎಚ್‌ಆರ್‌ನವರಿಗೆ ಒಂದು ಮಾತು ಹೇಳುತ್ತೇನೆ: ತಿಂಗಳು ಬಿಟ್ಟು ಊಟದ ಹೊತ್ತಿಗೆ ಸುಮ್ನೆ ಕ್ಯಾಂಟೀನಿಗೆ ಹೋಗಿ, ಆಕೆ ಯಾರ ಜೊತೆ ಕೂತಿದ್ದಾಳೆ ನೋಡಿ. ಒಬ್ಬರು ನಕ್ಕರು. ‘ಅದು ನಮ್ಮ ಪಾಲಿಸಿಯಲ್ಲಿ ಇಲ್ವಲ್ಲ ಮೇಡಂ.’